ಒಪ್ಪತ್ತಿನ ದಿನದ ಗುಳಿಗೆ

ಮೊದಲ ಸಲ ನನ್ನ ಮುಂದೆ ಬಂದು ಕೂತಾಗ ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಮಾತೆಲ್ಲ ಜೊತೆಗೆ ಬಂದಿದ್ದ ಅತ್ತೆಯದೇ.

"ಇಕೀಗಿ ಯೂರಿಕ್ ಆಸಿಡ್ ಅದರಿ ಡಾಕ್ಟರ ಬಾಯಾರ. ವರ್ಷ ಆತು. ಬ್ಯಾಳಿ ಬಿಡಿಸೇವಿ, ಬದನಿಕಾಯಿ ಬಿಡಿಸೇವಿ. ಆದ್ರೂ ಮುಂಜಾನೆ ಆತಂದ್ರ ಕೈ ನೋಯ್ತಾವಂತಾಳ. ಮಧ್ಯಾಹ್ನ ನೋಡ್ರಿ, ಆರಾಮ ಇರ್ತಾಳ. ರೊಟ್ಟಿ ಬಡಿಯೋ ಹೊತ್ತಿಗೇ ಬರೋ ಬ್ಯಾನಿ ಅದೆಂಥಾದ್ರಿ?"

ಅತ್ತೆ ನನ್ನ ಕಡೆ ನೋಡಿ ಕಣ್ಣು ಸಣ್ಣ ಮಾಡಿದರು. ಸೊಸೆ ಸೋಮಾರಿ ಎಂದು ಡಾಕ್ಟರ ಬಾಯಿಂದಲೇ ಹೇಳಿಸಬೇಕೆಂದು ಕರೆತಂದಿದ್ದರು ಎನ್ನುವುದು ಅಷ್ಟರಲ್ಲೇ ಗೊತ್ತಾಯಿತು. ನನಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಹೇಗೋ ನುಂಗಿಕೊಂಡೆ.

ನಾನಿದ್ದದ್ದು ಜೇವರ್ಗಿ ತಾಲೂಕಿನಲ್ಲಿ, ನೆಲೋಗಿಯಿಂದ ಒಳಗೆ ಹೋಗುವ ರಸ್ತೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮಂಡ್ಯ ಕಡೆಯವಳು, ಅಲ್ಲಿಗೆ ಬಂದು ಒಂದೂವರೆ ವರ್ಷವಾಗಿತ್ತು. ಇಡೀ ಕೇಂದ್ರಕ್ಕೆ ನಾನೊಬ್ಬಳೇ ವೈದ್ಯೆ. ನಾಲ್ಕೂವರೆಯ ಬಸ್ಸಿಗೆ ನರ್ಸು ಮತ್ತು ಔಷಧಿ ಕೊಡುವವರು ಕಲಬುರಗಿಗೆ ಹೊರಟುಬಿಟ್ಟರೆ, ಹಿಂದಿನ ಕ್ವಾರ್ಟರ್ಸ್‌ನಲ್ಲಿ ನಾನು ಮತ್ತು ಒಂದು ಫ್ಯಾನು. ಸಂಜೆ ಯಾರೊಂದಿಗೂ ಒಂದು ಮಾತಿಲ್ಲ. ಅದಕ್ಕೇ ಇರಬೇಕು, ಹಗಲು ರೋಗಿಗಳ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆ. ಈ ಹೆಂಗಸಿನ ವಿಷಯದಲ್ಲಿ ನನ್ನ ಆ ಮಾತುಗಾರಿಕೆ ಮೊದಲು ಒಳ್ಳೆಯದನ್ನು ಮಾಡಿತು, ಆಮೇಲೆ ಕೆಟ್ಟದ್ದನ್ನು.

ಕೈ ತೋರಿಸಿ ಎಂದೆ. ಸೆರಗಿನಿಂದ ಹೊರಗೆ ಬಂದವು. ಎರಡೂ ಮಣಿಕಟ್ಟು ಊದಿದ್ದವು. ಬೆರಳುಗಳ ಬುಡದ ಗೆಣ್ಣುಗಳ ನಡುವಿನ ತಗ್ಗು ಮುಚ್ಚಿಹೋಗಿತ್ತು. ಅಂಗೈಯನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದೆ, ಯಾರಾದರೂ ಕೈ ಕುಲುಕುವಾಗ ಒತ್ತುವಷ್ಟೇ. ಆಕೆ ಉಸಿರು ಹಿಡಿದಳು, ಕೂಗಲಿಲ್ಲ.

"ಬೆಳಗ್ಗೆ ಎದ್ದ ಮೇಲೆ ಎಷ್ಟು ಹೊತ್ತು ಹಿಡಿದುಕೊಂಡಿರುತ್ತೆ ಅಕ್ಕ?"

"ಹೊತ್ತ ಏರೋತನಕಾ ಮುಷ್ಟಿ ಕಟ್ಟಾಕ ಬರಂಗಿಲ್ರಿ. ಹಿಟ್ಟ ನಾದೂದು ಹ್ಯಾಂಗೋ ನಾದ್ತೇನಿ. ಬಡಿಯೂದು ಆಗಂಗಿಲ್ಲ." ಆಕೆಯ ಬಾಯಿಂದ ಬಂದ ಮೊದಲ ಮಾತು ಅದು.

ಬಡಿಯಲಾಗುವುದಿಲ್ಲ ಎಂದು ಹೇಳಿದಾಕೆ ಎಂಥವಳು ಎನ್ನುವುದು ನನಗೆ ಆಮೇಲೆ ನರ್ಸಿನಿಂದ ತಿಳಿಯಿತು. ಆ ಊರಿನಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ರೊಟ್ಟಿಗೆ ಮೊದಲು ಹೇಳಿಕಳಿಸುತ್ತಿದ್ದದ್ದು ಈಕೆಗೆ. ಹಪ್ಪಳದಷ್ಟು ತೆಳು, ಅಂಚು ಒಂದು ಕಡೆಯೂ ಒಡೆಯದ ಜೋಳದ ರೊಟ್ಟಿ. ಒಂದು ವರ್ಷದಿಂದ ಯಾರೂ ಕರೆದಿರಲಿಲ್ಲ. ಊರಿನ ಬಾಯಿಗೆ ಆಕೆ ಮೈಗಳ್ಳಿಯಾಗಿದ್ದಳು.

ಹಳೆಯ ರಕ್ತಪರೀಕ್ಷೆಯ ಚೀಟಿ ನೋಡಿದೆ. ಯೂರಿಕ್ ಆಮ್ಲ ಮಿತಿಗಿಂತ ಕೂದಲೆಳೆ ಹೆಚ್ಚು, ಅಷ್ಟೆ. ಆ ಒಂದು ಅಂಕಿ ನೋಡಿ ಯಾರೋ ಗೌಟ್ ಎಂದು ಹೇಳಿಬಿಟ್ಟಿದ್ದರು. ಈ ಭಾಗದಲ್ಲಿ ಕೀಲು ನೋವು ಎಂದರೆ ಎಲ್ಲವೂ ಯೂರಿಕ್ ಆಸಿಡ್ಡೇ. ಆದರೆ ಗೌಟ್ ಬರುವ ರೀತಿಯೇ ಬೇರೆ. ಹೆಚ್ಚಾಗಿ ಗಂಡಸರಿಗೆ, ಹೆಂಗಸರಿಗಾದರೆ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ. ಯೂರಿಕ್ ಆಮ್ಲದ ಹರಳುಗಳು ಕೀಲಿನೊಳಗೆ ಕೂತು ಇದ್ದಕ್ಕಿದ್ದಂತೆ ಒಂದೇ ಕೀಲು, ಬಹಳ ಸಲ ಕಾಲಿನ ಹೆಬ್ಬೆರಳು, ಕೆಂಪಗೆ ಊದಿಕೊಳ್ಳುತ್ತದೆ. ಮೇಲೆ ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಯೂರಿಕ್ ಆಮ್ಲ ಹೆಚ್ಚಿದ್ದೂ ಗೌಟ್ ಇಲ್ಲದವರು ಬೇಕಾದಷ್ಟು ಜನ. ಈಕೆಯದು ಸಣ್ಣ ಕೀಲುಗಳು, ಎರಡೂ ಕೈ ಒಂದೇ ಸಮ, ತಿಂಗಳುಗಟ್ಟಲೆ ಬಿಡದ ಊತ, ಬೆಳಗಿನ ಬಿಗಿತ. ಇದು ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಕೀಲುಗಳ ಮೇಲೆ ಬೀಳುವ ರೋಗ. ಬೆಳಗ್ಗೆ ಹೆಚ್ಚು, ಓಡಾಡುತ್ತ ಕಡಿಮೆ ಎನ್ನುವುದು ಈ ರೋಗದ ಗುರುತೇ ಹೊರತು ಸುಳ್ಳಿನ ಗುರುತಲ್ಲ.

ಅತ್ತೆಗೆ ಅದನ್ನು ಮೂರು ಸಲ ಬಿಡಿಸಿ ಹೇಳಿದೆ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು. "ಹಂಗಾದ್ರ ಬ್ಯಾಳಿ ಉಣ್ಣಬಹುದೇನ್ರಿ?"

"ಉಣ್ಣಲಿ ಅಮ್ಮ. ಇವತ್ತೇ ಉಣ್ಣಲಿ."

ತೊಗರಿಯ ನಾಡಿನಲ್ಲಿ ಒಂದು ವರ್ಷ ಬೇಳೆ ಮುಟ್ಟದೆ, ಬರೀ ಖಾರದ ಪುಡಿಯಲ್ಲಿ ರೊಟ್ಟಿ ತಿಂದಿದ್ದ ಆ ಹೆಂಗಸು ಅತ್ತೆಯ ಮುಂದೆಯೇ ಅತ್ತುಬಿಟ್ಟಳು.

ಕಲಬುರಗಿಯ ಕೀಲು ತಜ್ಞರೊಬ್ಬರಿಗೆ ಚೀಟಿ ಬರೆದುಕೊಟ್ಟೆ. ಗಂಡ ಕರೆದುಕೊಂಡು ಹೋದ. ರಕ್ತಪರೀಕ್ಷೆಗಳು ಸಂಧಿವಾತವನ್ನೇ ಹೇಳಿದವು. ತಜ್ಞರು ಮೆಥೊಟ್ರೆಕ್ಸೇಟ್ ಶುರುಮಾಡಿದರು. ಈ ರೋಗಕ್ಕೆ ಅದು ಬಲವಾದ ಔಷಧ, ಕೀಲು ಸವೆದು ವಕ್ರವಾಗುವುದನ್ನು ತಡೆಯುತ್ತದೆ. ಆದರೆ ವಾರಕ್ಕೆ ಒಂದೇ ಸಲ. ದಿನವೂ ನುಂಗಿದರೆ ಅದೇ ವಿಷ. ಬಾಯಿಯಿಂದ ಕರುಳಿನವರೆಗೆ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಆ ಗುಳಿಗೆ ಇಲ್ಲದ ದಿನಗಳಲ್ಲಿ ಫೋಲಿಕ್ ಆಮ್ಲದ ಗುಳಿಗೆ ತೆಗೆದುಕೊಳ್ಳಬೇಕು. ಅದು ಕಾವಲು.

ಚೀಟಿಯಲ್ಲಿ ಎಲ್ಲ ಸರಿಯಾಗಿಯೇ ಬರೆದಿತ್ತು. ಆಕೆಗೆ ಓದಲು ಬರುತ್ತಿರಲಿಲ್ಲ. ಗಂಡ ಬೆಳಗ್ಗೆ ಹೊಲಕ್ಕೆ ಹೋದರೆ ಸಂಜೆಗೇ ಬರುವವನು. ಅದಕ್ಕೆ ಆಕೆ ಎರಡೂ ಗುಳಿಗೆ ತಂದು ನನ್ನ ಮೇಜಿನ ಮೇಲಿಟ್ಟು, "ಯಾವ್ದು ಯಾವಾಗ ಅಂತ ನೀವ ಹೇಳ್ರಿ" ಎಂದಳು.

ಸೋಮವಾರ ಎಂದು ಹೇಳಿ ಕಳಿಸಬಹುದಿತ್ತು. ನನ್ನ ಜಾಣತನ ಬಿಡಬೇಕಲ್ಲ. ಮಾತಿನ ನಡುವೆ ಆಕೆ ಸೋಮವಾರ ಹಿಡಿಯುತ್ತಾಳೆ, ಅವತ್ತು ಒಪ್ಪತ್ತು, ಸಂಜೆ ಪೂಜೆ ಮುಗಿಸಿ ಒಂದೇ ಊಟ ಎಂದು ತಿಳಿದಿತ್ತು. ವಾರದ ಹೆಸರು ಮರೆತರೂ ವ್ರತವನ್ನು ಯಾವ ಹೆಂಗಸೂ ಮರೆಯುವುದಿಲ್ಲ ಎಂದುಕೊಂಡೆ.

"ನೋಡಿ ಅಕ್ಕ, ಒಪ್ಪತ್ತು ಇರುವ ದಿನ ಊಟ ಆದ ಮೇಲೆ ಈ ಹಳದಿ ಗುಳಿಗೆ, ಒಂದೇ ಒಂದು. ಎರಡು ಹೊತ್ತು ಉಣ್ಣುವ ದಿನ ಈ ಇನ್ನೊಂದು. ಅಷ್ಟೇ ನೆನಪಿಟ್ಟುಕೊಳ್ಳಿ."

"ಒಪ್ಪತ್ತಿನ ದಿನಾ ಹಳದಿ. ಉಂಡ ದಿನಾ ಇನ್ನೊಂದ." ಆಕೆ ತಿರುಗಿ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ತಿಂಗಳಿಗೆ ಮಣಿಕಟ್ಟಿನ ಊತ ಇಳಿಯಿತು. ಮೂರನೇ ತಿಂಗಳು ಮುಷ್ಟಿ ಕಟ್ಟಿ ತೋರಿಸಿದಳು. ನಾಲ್ಕನೇ ತಿಂಗಳು ಯಾರದೋ ಮನೆಯ ಕಾರ್ಯಕ್ಕೆ ರೊಟ್ಟಿ ಬಡಿದು ಬಂದಳೆಂದು ಕೇಳಿ ನನಗೆ ಇಡೀ ದಿನ ಖುಷಿ. ಆ ಖುಷಿಯನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಊರಿಗೆ ಫೋನು ಮಾಡಿದರೆ ಅಮ್ಮ "ವರ್ಗಾವಣೆ ಯಾವಾಗ?" ಎಂದು ಕೇಳಿದಳು.

ಪ್ರತಿ ತಿಂಗಳು ಆಕೆಯ ರಕ್ತ ಪರೀಕ್ಷಿಸಬೇಕಿತ್ತು. ಐದನೇ ತಿಂಗಳು ನಮ್ಮ ಲ್ಯಾಬಿನವರನ್ನು ಬೇರೆ ಕೇಂದ್ರಕ್ಕೆ ಹಾಕಿದ್ದರು. ಮುಂದಿನ ವಾರ ಮಾಡಿದರಾಯಿತು ಎಂದು ಬಿಟ್ಟೆ. ಅಷ್ಟರಲ್ಲಿ ಶ್ರಾವಣ ಬಂತು.

ಶ್ರಾವಣದ ಏಳನೇ ದಿನವೋ ಎಂಟನೇ ದಿನವೋ ಗಂಡ ಬಂದ. ಹೊರಗೆ ಜ್ವರದವರ ಸಾಲು, ಕರಿಮಣ್ಣಿನ ಕೆಸರು ಮೆಟ್ಟಿಲ ತನಕ. "ಮನ್ಯಾಗ ಆಕೀಗಿ ಬಾಯಾಗ ಹುಣ್ಣ ಆಗ್ಯಾವ್ರಿ, ಉಣ್ಣಾಕ ಆಗವಲ್ದು" ಎಂದ. ಸೋಮವಾರದ ಉಪವಾಸಕ್ಕೆ ಉಷ್ಣವಾಗಿರಬೇಕು ಎಂದುಕೊಂಡು, ಬಿ ಕಾಂಪ್ಲೆಕ್ಸ್ ಬರೆದು, ಮಜ್ಜಿಗೆ ಕುಡಿಸು ಎಂದೆ. ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. ಆ ಗುಳಿಗೆ ನುಂಗುವವರ ಬಾಯಲ್ಲಿ ಹುಣ್ಣಾದರೆ ಮೊದಲು ಏನನ್ನು ಯೋಚಿಸಬೇಕೆಂದು ಕಾಲೇಜಿನ ಮಕ್ಕಳಿಗೂ ಗೊತ್ತು.

ಮೂರನೇ ದಿನ ಬೆಳಗ್ಗೆ ಹಲ್ಲುಜ್ಜುವಾಗ ಅದು ನನಗೆ ಹೊಳೆಯಿತು. ಬಾಯಿ ತೊಳೆದವಳೇ ನರ್ಸಿಗೂ ಕಾಯದೆ ಆಕೆಯ ಮನೆಗೆ ನಡೆದೆ. ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತಿಡಲಾಗುತ್ತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೋದೆ.

ಆಕೆ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಮೈ ಸುಡುತ್ತಿತ್ತು. ತುಟಿ ಒಡೆದು ರಕ್ತ ಒಸರಿತ್ತು. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಬಾಯೊಳಗೆ ಟಾರ್ಚ್ ಹಾಕಿದರೆ ಗಂಟಲ ತನಕ ಹುಣ್ಣು.

"ಹಳದಿ ಗುಳಿಗೆ ಎಲ್ಲಿ?"

ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕದಲ್ಲಿ ಇಟ್ಟಿದ್ದಳು. ಅತ್ತೆ ತಂದುಕೊಟ್ಟರು. ಹತ್ತು ಗುಳಿಗೆಯ ಹೊಸ ಸ್ಟ್ರಿಪ್. ಉಳಿದಿದ್ದದ್ದು ಒಂದು.

"ಇದನ್ನು ಯಾವಾಗ ಶುರುಮಾಡಿದಿರಿ?"

ಉತ್ತರ ಕೊಟ್ಟದ್ದು ಅತ್ತೆ. "ಶ್ರಾವಣ ಹಿಡಿದ ದಿನಾನೇ ಒಡದಾಳ್ರಿ. ತಿಂಗಳೆಲ್ಲಾ ಒಪ್ಪತ್ತಲ್ರಿ ನಮ್ಮಲ್ಲಿ. ದಿನಾ ಸಂಜೀಕ ಮಠಕ್ಕ ಹೋಗಿ ಬಂದು, ಒಂದ ಊಟ ಮಾಡಿ, ಗುಳಿಗಿ ತಗೊಂಡಾಳ."

ನಮ್ಮ ಕಡೆ ಶ್ರಾವಣ ಎಂದರೆ ಶನಿವಾರ. ನಾಲ್ಕು ಶನಿವಾರ ಒಪ್ಪತ್ತು, ಉಳಿದ ದಿನ ಎಂದಿನಂತೆ. ತಿಂಗಳಿಡೀ ಒಪ್ಪತ್ತು ಹಿಡಿಯುವ ಮನೆಗಳು ಇಲ್ಲಿವೆ ಎಂದು ಸುಮಾರು ಎರಡು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ. ಗೊತ್ತಾಗಲು ನಾನು ಯಾರ ಮನೆಗೂ ಹೋದವಳಲ್ಲ. ಎರಡು ಹೊತ್ತು ಉಂಡ ದಿನವೇ ಇಲ್ಲವಾದ್ದರಿಂದ ಕಾವಲಿನ ಗುಳಿಗೆಯನ್ನು ಆಕೆ ಒಂದೂ ನುಂಗಿರಲಿಲ್ಲ. ನಾನು ಹೇಳಿದ್ದನ್ನು ಎರಡೂ ಬದಿಯಿಂದ ಪಾಲಿಸಿದ್ದಳು.

ಆಕೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಹುಣ್ಣಾದ ಬಾಯಿಂದ ಕಷ್ಟಪಟ್ಟು ಹೇಳಿದಳು. "ಒಂದ ದಿನಾನೂ ತಪ್ಪಿಸಿಲ್ರಿ, ಬಾಯಾರ."

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅಷ್ಟು ಅಕ್ಷರಶಃ ನನ್ನ ಮಾತು ಕೇಳಿದ ರೋಗಿ ಅದಕ್ಕೆ ಮುಂಚೆ ನನಗೆ ಸಿಕ್ಕಿರಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದೆ. ಮಳೆಗೆ ರಸ್ತೆ ಕೆಟ್ಟು ಬರುವುದಕ್ಕೆ ಒಂದು ಗಂಟೆ ಎಂದರು. ತಜ್ಞರ ಫೋನು ಎರಡು ಸಲ ರಿಂಗಾಗಿ ನಿಂತಿತು. ಗಾಡಿ ಬರುವ ತನಕ ಆಕೆಯನ್ನು ಟಂಟಂ ಆಟೋದಲ್ಲಿ ಕೇಂದ್ರಕ್ಕೆ ತಂದು ಸಲೈನ್ ಹಾಕಿದೆ. ಆ ವಿಷಕ್ಕೆ ಮದ್ದು ಫೋಲಿನಿಕ್ ಆಮ್ಲದ ಇಂಜೆಕ್ಷನ್. ಫೋಲಿಕ್ ಅಲ್ಲ, ಫೋಲಿನಿಕ್. ನಮ್ಮಲ್ಲಿ ಅದು ಇರಲಿಲ್ಲ. ಇರುವ ಕೇಂದ್ರ ಹತ್ತಿರದಲ್ಲಿ ಯಾವುದೂ ಇರಲಿಲ್ಲ. ಮೂರನೇ ಸಲಕ್ಕೆ ತಜ್ಞರು ಸಿಕ್ಕರು. ಎಷ್ಟು ಗುಳಿಗೆ, ಎಷ್ಟು ದಿನ, ಜ್ವರ ಎಷ್ಟು ಎಂದು ಒಂದೊಂದಾಗಿ ಕೇಳಿ, "ಕಳಿಸಿ, ಇಲ್ಲಿ ತರಿಸಿ ಇಟ್ಟಿರುತ್ತೇನೆ" ಎಂದರು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ.

ಕೇಳಿದ್ದು ದೊಡ್ಡ ಆಸ್ಪತ್ರೆಗೆ ಕಳಿಸುವ ಚೀಟಿ. ಅದರಲ್ಲಿ ಒಂದು ಸಾಲು ಇರುತ್ತದೆ, ಕಾರಣ ಬರೆಯಲಿಕ್ಕೆ. ಪೆನ್ನು ಹಿಡಿದು ಕೂತೆ. ಅಷ್ಟರಲ್ಲಿ ಬಸ್ಸಿಳಿದು ಬಂದಿದ್ದ ನರ್ಸು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು. "ವಾರಕ್ಕೊಮ್ಮಿ ಅಂತ ಡಾಕ್ಟ್ರು ಚೀಟ್ಯಾಗ ಬರದಾರಲ್ರಿ ಮೇಡಂ. ಓದಾಕ ಬರಂಗಿಲ್ಲ, ತಪ್ಪಿ ತಗೊಂಡಾಳಂತ ಬರೀರಿ. ಖರೇನೂ ಅದಾ ಅಲ್ರಿ?"

ಗಂಡನೂ ಅದನ್ನೇ ನಂಬಿದ್ದ. ಹಾಸಿಗೆಯ ಪಕ್ಕ ನಿಂತು ಹೆಂಡತಿಯನ್ನು ಬೈಯುತ್ತಿದ್ದ. "ನಿನಗ ಖಬರ್ ಅದನಾ? ಅಷ್ಟು ದೊಡ್ಡ ಡಾಕ್ಟ್ರು ಹೇಳಿದ್ದನ್ನ ಬಿಟ್ಟು ನಿನ್ನ ಮನಸಿಗಿ ಬಂದಂಗ ನುಂಗಿದ್ರ ಏನಾಗ್ತದ?" ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಒಂದು ವರ್ಷ ಸೋಮಾರಿ ಎನ್ನಿಸಿಕೊಂಡಿದ್ದಳು, ಈಗ ದಡ್ಡಿ ಎನ್ನಿಸಿಕೊಳ್ಳುತ್ತಿದ್ದಳು. ಅದೂ ನನ್ನೆದುರಿಗೆ, ನನ್ನಿಂದ.

ನನಗೆ ಹೆದರಿಕೆಯಾಯಿತು ಎಂದು ಮುಚ್ಚಿಡದೆ ಹೇಳುತ್ತೇನೆ. ಕೆಲಸ ಹೋದೀತು, ಊರವರು ಬಾಗಿಲಿಗೆ ಬಂದಾರು, ಪರ ವಹಿಸಲು ಹತ್ತಿರದಲ್ಲಿ ಒಬ್ಬರೂ ಇಲ್ಲ. ಆಕೆ ಉಳಿಯದೇ ಹೋದರೆ ಆ ಚೀಟಿಯೇ ನನಗೆ ಉರುಳು. ಪೆನ್ನು ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಆಮೇಲೆ ಬರೆದೆ. ರೋಗಿ ಸೂಚನೆಯನ್ನು ಸರಿಯಾಗಿ ಪಾಲಿಸಿದ್ದಾರೆ, ಉಪವಾಸದ ದಿನ ತೆಗೆದುಕೊಳ್ಳಿ ಎಂಬ ತಪ್ಪು ಸೂಚನೆ ನನ್ನದು, ಬಾಯಿಹುಣ್ಣಿನ ದೂರು ಬಂದಾಗಲೂ ನಾನು ಗಮನಿಸಲಿಲ್ಲ. ಕೆಳಗೆ ಸಹಿ ಹಾಕಿದೆ.

ಎದ್ದುಹೋಗಿ ಗಂಡನಿಗೂ ಹೇಳಿದೆ. "ಅವರನ್ನು ಬೈಬೇಡಿ. ತಪ್ಪು ಹೇಳಿದ್ದು ನಾನು. ಅವರು ನಾನು ಹೇಳಿದ ಹಾಗೇ ಮಾಡಿದ್ದಾರೆ."

ಅವನು ನನ್ನನ್ನೇ ನೋಡುತ್ತ ನಿಂತ. ಅತ್ತೆ ಹೋಗಿ ಸೊಸೆಯ ತಲೆಯ ಹತ್ತಿರ ಕೂತು, ಸೆರಗಿನ ತುದಿ ಒದ್ದೆ ಮಾಡಿ ಆಕೆಯ ತುಟಿ ಒರೆಸಿದರು.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ಆಸ್ಪತ್ರೆಯಲ್ಲಿ ರಕ್ತದ ಬಿಳಿಕಣಗಳು ಸಾವಿರಕ್ಕೂ ಕಡಿಮೆ ಇದ್ದವು. ಅಷ್ಟು ಕಡಿಮೆಯಾದರೆ ಸಣ್ಣ ಸೋಂಕೂ ಜೀವ ತೆಗೆಯುತ್ತದೆ. ಇಂಜೆಕ್ಷನ್ ಶುರುವಾಯಿತು. ಆಕೆಯನ್ನು ಬೇರೆ ಕೋಣೆಯಲ್ಲಿ ಇಟ್ಟರು. ನನ್ನನ್ನು ಒಳಗೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಗಂಡ ಮತ್ತು ಅತ್ತೆ ಒಂದು ಬೆಂಚಿನಲ್ಲಿ, ನಾನು ಇನ್ನೊಂದರಲ್ಲಿ. ನಡುವೆ ಅಷ್ಟೇನೂ ಜಾಗವಿರಲಿಲ್ಲ, ಆದರೂ ನಾನು ಎದ್ದು ಆ ಕಡೆ ಹೋಗಲಿಲ್ಲ. ಸಂಜೆ ಜೇವರ್ಗಿ ಬಸ್ಸು ಹಿಡಿದು ವಾಪಸು ಬಂದೆ.

ಮುಂದಿನ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ ತಜ್ಞರಿಗೆ ಫೋನು ಮಾಡುವುದು, ಅಂಕಿ ಬರೆದುಕೊಳ್ಳುವುದು. ಮೂರು ದಿನ ಅಂಕಿ ಏರಲೇ ಇಲ್ಲ. ನಾಲ್ಕನೇ ದಿನ ಸ್ವಲ್ಪ. ಆರನೇ ದಿನ ಎರಡು ಸಾವಿರ ದಾಟಿತು ಎಂದಾಗ ಫೋನು ಇಟ್ಟು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಮೇಲಿನವರು ವಿವರಣೆ ಕೇಳಿದರು, ಚೀಟಿಯಲ್ಲಿ ಬರೆದದ್ದನ್ನೇ ಬರೆದುಕೊಟ್ಟೆ. ಊರಿನಿಂದ ಯಾರೂ ಬಾಗಿಲಿಗೆ ಬರಲಿಲ್ಲ. ತೋರಿಸಲು ಬರುವವರೂ ಕಡಿಮೆಯಾದರು. ಕೆಲವರು ನನ್ನನ್ನು ದಾಟಿ ಜೇವರ್ಗಿಗೇ ಹೋಗತೊಡಗಿದರು. ನಾನು ಯಾರಿಗೆ ಗುಳಿಗೆ ಕೊಟ್ಟರೂ ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಆಕೆ ಬಂದಳು, ಒಬ್ಬಳೇ. ಸೊರಗಿದ್ದಳು. ಮೇಜಿನ ಮೇಲೆ ಕೈ ಇಟ್ಟಳು. ಮಣಿಕಟ್ಟು ಮತ್ತೆ ಊದಿತ್ತು. ಔಷಧ ನಿಂತಿತ್ತಲ್ಲ, ರೋಗ ಕಾಯುತ್ತ ಕೂರುವುದಿಲ್ಲ.

"ಕಲಬುರಗಿ ಡಾಕ್ಟ್ರು ಅದಾ ಗುಳಿಗಿ ಸಣ್ಣದು ಮಾಡಿ ಮತ್ತ ಕೊಡ್ತೇನಿ ಅಂತಾರ್ರಿ. ಬ್ಯಾಡಂದ್ರ ಬ್ಯಾರೆ ಕೊಡ್ತಾರಂತ. ನೀವೇನಂತೀರಿ?"

ನನ್ನನ್ನು ಕೇಳುತ್ತಿದ್ದಾಳೆ ಎನ್ನುವುದೇ ಮೊದಲು ತಲೆಗೆ ಹೋಗಲಿಲ್ಲ. ಬೇರೆ ಔಷಧದ ಬಗ್ಗೆಯೂ ಇದರ ಬಗ್ಗೆಯೂ ಗೊತ್ತಿದ್ದದ್ದನ್ನು ಹೇಳಿದೆ. ಇದರಿಂದಲೇ ಕೈಯ ಬಿಗಿತ ಇಳಿದಿತ್ತು, ಸರಿಯಾಗಿ ತೆಗೆದುಕೊಂಡರೆ ಮತ್ತೆ ಇಳಿಯಬಹುದು, ರಕ್ತಪರೀಕ್ಷೆ ಒಂದು ತಿಂಗಳೂ ತಪ್ಪಬಾರದು. ಹೆದರಿಕೆಯಿದ್ದರೆ ಬೇಡ, ನಾನು ಒತ್ತಾಯ ಮಾಡುವುದಿಲ್ಲ.

ಆಕೆ ತನ್ನ ಕೈ ನೋಡಿಕೊಂಡಳು. "ಗುಳಿಗಿ ನಿಮ್ಮ ಕಪಾಟಿನ್ಯಾಗ ಇರಲಿ. ವಾರಕ್ಕೊಮ್ಮಿ ಬರ್ತೇನಿ. ನಿಮ್ಮ ಮುಂದನಾ ನುಂಗ್ತೇನಿ."

ಹಾಗೇ ನಡೆಯಿತು. ಪ್ರತಿ ಸೋಮವಾರ ಸಂಜೆ, ನರ್ಸು ಬಸ್ಸಿಗೆ ಹೋದ ಮೇಲೆ, ಮನೆಯಲ್ಲಿ ಒಪ್ಪತ್ತಿನ ಊಟ ಮುಗಿಸಿ ಆಕೆ ಬರುತ್ತಿದ್ದಳು. ಕಪಾಟಿನಿಂದ ಗುಳಿಗೆ ತೆಗೆದುಕೊಡುತ್ತಿದ್ದೆ. ನುಂಗಿ ಒಂದು ಗಳಿಗೆ ಕೂರುತ್ತಿದ್ದಳು. ಮಾತು ಕಡಿಮೆ. ಆದರೂ ಸೋಮವಾರ ಬಂತೆಂದರೆ ನಾನು ಬೆಳಗಿನಿಂದಲೇ ಗಡಿಯಾರ ನೋಡುತ್ತಿದ್ದೆ. ಅದೊಂದು ಸಂಜೆ ನನಗೆ ಮನುಷ್ಯರ ಸದ್ದು ಇರುತ್ತಿತ್ತು.

ಮರುವರ್ಷ ಆಷಾಢದ ಕೊನೆಯಲ್ಲಿ ನನಗೆ ಮಂಡ್ಯಕ್ಕೆ ವರ್ಗವಾಯಿತು. ಕೇಳಿ ಕೇಳಿ ಪಡೆದ ವರ್ಗ. ಹೊರಡುವ ಮುಂಚಿನ ಸೋಮವಾರ ಆಕೆ ಬಂದಾಗ ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ರೊಟ್ಟಿ, ಜೊತೆಗೆ ಡಬ್ಬಿಯಲ್ಲಿ ತೊಗರಿಬೇಳೆಯ ಪಲ್ಯ. ತೆಳು ರೊಟ್ಟಿ, ಅಂಚು ಎಲ್ಲೂ ಒಡೆದಿರಲಿಲ್ಲ. ಆಕೆ ಗುಳಿಗೆ ನುಂಗಿದಳು, ನಾನು ಅಲ್ಲೇ ಮೇಜಿನ ಮೇಲೆ ಊಟ ಮಾಡಿದೆ.

ಇನ್ನೆರಡು ದಿನಕ್ಕೆ ಶ್ರಾವಣ. ಕಪಾಟಿನಲ್ಲಿದ್ದ ಸ್ಟ್ರಿಪ್ ತೆಗೆದು ಅವಳ ಮುಂದೆ ಇಟ್ಟೆ. ಇನ್ನು ಮೇಲೆ ಅದು ಅವಳ ಮನೆಯಲ್ಲೇ ಇರಬೇಕಿತ್ತು. ನನ್ನ ಕೈ ಅದರ ಮೇಲಿನಿಂದ ಏಳಲಿಲ್ಲ. ಒಂದು ಸಲ ಹೇಳಿ ಅಕ್ಕ, ಕೇಳುತ್ತೇನೆ ಎನ್ನುವಷ್ಟರಲ್ಲಿ ಆಕೆಯೇ ಬಾಯಿ ತೆರೆದಳು.

"ನೀವ ಹೇಳ್ರಿ ನೋಡೂಣು. ಇದು ಯಾವಾಗ ತಗೋಬೇಕು?"

"ಸೋಮವಾರ."

"ಒಪ್ಪತ್ತಿನ ದಿನಾ?"

"ಅಲ್ಲ. ಸೋಮವಾರ ಮಾತ್ರ."

ಆಕೆ ತಲೆಯಾಡಿಸಿದಳು. ನನ್ನ ಕೈಯನ್ನು ಎತ್ತಿ ಬದಿಗಿಟ್ಟು ಸ್ಟ್ರಿಪ್ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟು ಬಿಗಿಯಾಗಿಯೇ ಬಿತ್ತು.